ಜೀನು ಹೊಲಿದವರ ಮಕ್ಕಳು ಜೀನಿನ ಮೇಲೆ ಯಾವಾಗ ಕೂರೋದು?

ಹೋದ ತಿಂಗಳು ಸಿರುಗುಪ್ಪದ ಒಂದು ಹಾಸ್ಟೆಲ್‌ಗೆ ಹೋಗಿದ್ದೆ. ಹುಡುಗರ ಜೊತೆ ಸಂವಿಧಾನದ ಬಗ್ಗೆ ಮಾತಾಡಿ, ಕೊನೆಗೆ ಎಲ್ಲರೂ ಕೇಳೋ ಪ್ರಶ್ನೆನೇ ನಾನೂ ಕೇಳಿದೆ: ಮುಂದೆ ಏನಾಗ್ತೀರಪ್ಪಾ? ಪೊಲೀಸ್, ಮೇಷ್ಟ್ರು, ಪಿಡಿಓ ಅಂದ್ರು. ಹಿಂದಿನ ಸಾಲಿನಿಂದ ಒಂಬತ್ತನೇ ಕ್ಲಾಸಿನವನೊಬ್ಬ ಎದ್ದು ನಿಂತ.

"ಅಣ್ಣಾ, ಒಲಿಂಪಿಕ್ಸ್‌ನಾಗ ಕುದುರಿ ಮ್ಯಾಲ ಕುಂತು ಕಂಬ ಹಾರಿಸ್ತಾರಲ್ಲ, ಅದಕ್ಕ ಎಲ್ಲಿ ಸೇರಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಸುಮ್ಮನೆ ಕೂತುಬಿಟ್ಟ.

ಬಳ್ಳಾರಿ ಬಸ್ ಹತ್ತಿದ ಮೇಲೆ ಆ ನಗು ನನಗೇ ಚುಚ್ಚೋಕೆ ಶುರುವಾಯ್ತು. ನಮ್ಮ ತಾತ ಕುರುಗೋಡಿನವನು. ಚಪ್ಪಲಿ, ಬಾರುಕೋಲು, ಮಿಣಿ ಜೊತೆಗೆ ಊರ ಗೌಡರ ಕುದುರೆಗೆ ಲಗಾಮು, ಜೀನು ಹೊಲೀತಿದ್ದ. ಅದೇ ಕುದುರೆ ಎದುರು ಬಂದರೆ ಚಪ್ಪಲಿ ಕೈಗೆ ತಗೊಂಡು ದಾರಿ ಬಿಟ್ಟು ನಿಲ್ಲಬೇಕಿತ್ತು. ಇದನ್ನ ಹೇಳುವಾಗ ನಮ್ಮವ್ವನ ದನಿ ಇವತ್ತಿಗೂ ಸಣ್ಣಗಾಗ್ತದೆ. ಅಂಥ ತಾತನ ಮೊಮ್ಮಗ ನಾನು, ಕುದುರೆ ಕನಸು ಕಂಡ ಹುಡುಗನನ್ನ ನೋಡಿ ನಕ್ಕಿದ್ದೆ.

2018ನೇ ಇಸವಿ ನೆನಪು ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯ ಟಿಂಬಿಯಲ್ಲಿ ಒಬ್ಬ ದಲಿತ ಯುವಕನ ಕೊಲೆಯಾಯ್ತು. ಕುದುರೆ ಸಾಕಿ ಅದರ ಮೇಲೆ ಓಡಾಡಿದ್ದಕ್ಕೇ ಕೊಂದರು ಅಂತ ಮನೆಯವರು ಹೇಳಿದರು. ಜುಲೈನಲ್ಲಿ ಉತ್ತರ ಪ್ರದೇಶದ ಕಾಸಗಂಜ್ ಜಿಲ್ಲೆಯ ನಿಜಾಂಪುರದಲ್ಲಿ ದಲಿತ ಮದುಮಗನೊಬ್ಬ ತಿಂಗಳುಗಟ್ಟಲೆ ಹೋರಾಡಿ, ಪೊಲೀಸ್ ಕಾವಲಿನಲ್ಲಿ ಮೆರವಣಿಗೆ ಹೋಗಬೇಕಾಯ್ತು. ಆಗಸ್ಟ್‌ನಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ತಂದರು. 1982ರ ನಂತರ ಈ ಕ್ರೀಡೆಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಏಷ್ಯಾಡ್ ಪದಕ ಅದು. ಒಂದೇ ದೇಶ, ಒಂದೇ ವರ್ಷ, ಅದೇ ಪ್ರಾಣಿ.

ಫವಾದ್ ಮೇಲೆ ನನಗೆ ಹೆಮ್ಮೆನೇ ಇದೆ. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೂರ್ ಮೆಡಿಕಾಟ್ ಅನ್ನೋ ಕುದುರೆ ಜೊತೆ ಜಂಪಿಂಗ್ ಫೈನಲ್‌ವರೆಗೂ ಹೋಗಿ 23ನೇ ಸ್ಥಾನ ಪಡೆದರು. 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಆಡಿದ ಮೇಲೆ ಒಲಿಂಪಿಕ್ಸ್ ಅಂಗಳಕ್ಕೆ ಇಳಿದ ಭಾರತದ ಮೊದಲ ಸವಾರ ಇವರೇ. ಆ ಶ್ರಮವನ್ನ ಯಾರೂ ಸಣ್ಣದು ಅನ್ನೋ ಹಾಗಿಲ್ಲ.

ಆದರೆ ಆ ಶ್ರಮದ ಬೆನ್ನಿಗೆ ಏನೇನಿತ್ತು ನೋಡಿ. ಅಪ್ಪ ಕುದುರೆ ಡಾಕ್ಟರು. ಚಿಕ್ಕಂದಿನಿಂದಲೇ ಕುದುರೆ ಸಹವಾಸ. ಕುದುರೆ ಕೊಡಿಸೋಕೆ ಎಂಬೆಸಿ ಸಮೂಹ. ತರಬೇತಿಗೆ ಜರ್ಮನಿ, ಅಲ್ಲಿ ಒಲಿಂಪಿಕ್ ಪದಕ ಗೆದ್ದ ಸಾಂಡ್ರಾ ಔಫಾರ್ಟ್. ಓಡೋಕೆ ಒಂದು ಜೊತೆ ಶೂ ಸಾಕು, ಕಬಡ್ಡಿಗೆ ಅದೂ ಬೇಡ. ಇಲ್ಲಿ ಹಾಗಲ್ಲ. ಮೇವು, ಲಾಯ, ಲಾಳ, ಡಾಕ್ಟರು, ಸಾಗಿಸೋಕೆ ವಿಮಾನ, ಎಲ್ಲ ಬೇಕು. ಒಂದು ಕುದುರೆ ಕುಂಟಿದರೆ ಇನ್ನೊಂದು ತಯಾರಿರಬೇಕು. ಇದೆಲ್ಲ ಹಿಂದೆ ನಿಂತ ಮೇಲೆ ಪ್ರತಿಭೆ ಮಾತಾಡ್ತದೆ.

ಜಂಪಿಂಗ್‌ನಲ್ಲಿ ಒಂದು ಕಂಬಿ ಬಿದ್ದರೆ 4 ಅಂಕ ದಂಡ. ಸರಿಯಾದ ನಿಯಮ, ಎಲ್ಲರಿಗೂ ಒಂದೇ ಎತ್ತರ. ನಮ್ಮ ಹುಡುಗನಿಗೆ ಅಂಗಳದ ಗೇಟಿಗೆ ಬರೋ ಮುಂಚೆನೇ ಎಷ್ಟು ಕಂಬಿ? ಜಾತಿ ಒಂದು, ದುಡ್ಡು ಒಂದು, ಇಂಗ್ಲಿಷ್ ಒಂದು, ಬಳ್ಳಾರಿ ಅನ್ನೋ ದೂರ ಒಂದು. ಕೊನೇದು ನಮ್ಮಂಥವರ ನಗು.

ಕಾನ್ಪುರದ ಜೀನು ಹೊರದೇಶಕ್ಕೆ ಹೋಗ್ತದೆ. ಅಲ್ಲಿ ಚರ್ಮ ಹದ ಮಾಡೋ ಕೈಗಳಲ್ಲಿ ಹೆಚ್ಚಿನವು ದಲಿತರದ್ದು, ಮುಸ್ಲಿಮರದ್ದು. ಕುದುರೆ ಬೆನ್ನಿನ ತನಕ ನಮ್ಮ ಬೆವರು ಹೋಗ್ತದೆ, ನಾವು ಮಾತ್ರ ನೆಲದ ಮೇಲೇ.

"ಊಟಕ್ಕೇ ಗತಿ ಇಲ್ಲ, ಕುದುರೆ ಯಾಕ್ರೀ?" ಅಂತ ನಮ್ಮ ಸಂಗಾತಿಗಳೇ ಕೇಳ್ತಾರೆ. 1913ರಲ್ಲಿ ಬಡೋದೆ ಮಹಾರಾಜರು ಸ್ಕಾಲರ್‌ಶಿಪ್ ಕೊಟ್ಟು ಬಾಬಾಸಾಹೇಬರನ್ನ ಕೊಲಂಬಿಯಾಕ್ಕೆ ಕಳಿಸಿದಾಗಲೂ ನಮ್ಮ ಕೇರಿಗಳಲ್ಲಿ ಹಸಿವು ಇತ್ತು. ಅನ್ನ ಮೊದಲು, ನಿಜ. ಆದ್ರೆ ಅನ್ನದ ಆಚೆ ನಿಮಗೇನೂ ಬೇಡ ಅನ್ನೋದೇ ಮನುಸ್ಮೃತಿ. ನಾವೂ ಅದನ್ನೇ ನಮ್ಮ ಮಕ್ಕಳಿಗೆ ಹೇಳಬೇಕಾ?

ಎಲ್ಲರಿಗೂ ಕುದುರೆ ಕೊಡಿಸಿ ಅಂತ ನಾನು ಕೇಳ್ತಿಲ್ಲ. ಬೆಂಗಳೂರಿನಲ್ಲಿ ಎನ್‌ಸಿಸಿಯ ಕುದುರೆ ಘಟಕ ಇದೆ, ಅಲ್ಲಿ ವಿದ್ಯಾರ್ಥಿಗಳು ಸವಾರಿ ಕಲೀತಾರೆ. ಅಂಥದ್ದೊಂದು ಬಳ್ಳಾರಿಯಲ್ಲಿ ಯಾಕಾಗಬಾರದು? ಗಣಿ ದೂಳು ಕುಡಿದ ಜಿಲ್ಲೆ ನಮ್ದು, ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಇದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣದಲ್ಲಿ ಹಾಸ್ಟೆಲ್ ಮಕ್ಕಳಿಗೆ ಅಂತಲೇ ಸೀಟು ಇಡಿ. ಎಲ್ಲರೂ ಒಲಿಂಪಿಕ್ಸ್‌ಗೆ ಹೋಗಲ್ಲ. ಒಬ್ಬ ಪಶುವೈದ್ಯ ಆಗ್ಬಹುದು, ಒಬ್ಬಳು ತರಬೇತುದಾರಳು ಆಗ್ಬಹುದು. ನಮ್ಮ ವಸತಿ ಶಾಲೆಗಳಿಗೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿಟ್ಟಿದ್ದೀರಿ. ಆ ತಾಯಿಯ ಪ್ರತಿಮೆ ಕುದುರೆ ಮೇಲೇ ಕೂತದೆ. ಶಾಲೆಯೊಳಗಿನ ಹುಡುಗಿಯರು ಕುದುರೆಯನ್ನ ಗೋಡೆ ಚಿತ್ರದಲ್ಲಿ ಮಾತ್ರ ನೋಡಬೇಕಾ?

ಮುಂದಿನ ವಾರ ಡಿಸಿ ಆಫೀಸಿಗೆ ಈ ಮನವಿ ಕೊಡ್ತಿದ್ದೀನಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರು ಬರೋದಿದ್ರೆ ಕೆಳಗೆ ತಿಳಿಸಿ. ಅದಕ್ಕೂ ಮುಂಚೆ ಆ ಹಾಸ್ಟೆಲ್‌ಗೆ ಹೋಗೋದಿದೆ. ನಕ್ಕಿದ್ದು ತಪ್ಪಾಯ್ತು ತಮ್ಮಾ ಅಂತ ಹೇಳ್ಬೇಕು, ಅದೂ ಎಲ್ಲರ ಮುಂದೆ. ನಕ್ಕಿದ್ದೂ ಎಲ್ಲರ ಮುಂದೆನೇ ಅಲ್ವಾ.

ಜೈ ಭೀಮ್.