ಮಚ್ಚಿಗೆ ಗಡಸುತನವೊಂದೇ ಸಾಲದು

ತುಕ್ಕು ಹಿಡಿಯದ, ಅತಿ ಗಡಸು ಉಕ್ಕೇ ಚಾಕು, ಮಚ್ಚು ಎಲ್ಲಕ್ಕೂ ಶ್ರೇಷ್ಠ ಎಂದು ಲೇಖನವೊಂದರಲ್ಲಿ ಪ್ರಕಟವಾದ ವಾದ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನಿಲ್ಲುವುದಿಲ್ಲ. ಸುಮಾರು ಶೇ 1 ಇಂಗಾಲ, ಶೇ 17 ಕ್ರೋಮಿಯಂ ಇರುವ 440ಸಿ ಉಕ್ಕು ಜೇಬುಚಾಕುವಿಗೆ ಒಳ್ಳೆಯದೇ. ಆದರೆ ಬೀಸಿ ಹೊಡೆಯುವ ಕೆಲಸದಲ್ಲಿ ಅಂಥ ಅಲಗಿನ ಬಾಯಿ ಮುಕ್ಕಾಗುತ್ತದೆ. ಕುಲುಮೆಯವರು ಲಾರಿಯ ಹಳೆ ಕಮಾನು ಪಟ್ಟಿಯನ್ನು ಆರಿಸುವುದು ಅಗ್ಗವೆಂದಷ್ಟೇ ಅಲ್ಲ: ಸುಮಾರು ಶೇ 0.6 ಇಂಗಾಲದ ಆ ಉಕ್ಕು ಪೆಟ್ಟು ತಾಳುತ್ತದೆ, ಮೊಂಡಾದರೆ ಬದುವಿನ ಕಲ್ಲಿಗೇ ಮಸೆಯಬಹುದು. ಕೆಂಪಗೆ ಕಾಸಿ ಅದ್ದಿದ ಮೇಲೆ ಮತ್ತೊಮ್ಮೆ ಹಿತವಾಗಿ ಕಾಸಿ ಹದ ಕೊಡದಿದ್ದರೆ ಮಾತ್ರ ಅದೂ ಗಾಜಿನಂತೆ ಸಿಡಿಯುತ್ತದೆ. ಈ ಹದದ ಮಾತನ್ನೇ ಆ ಲೇಖನ ಎತ್ತಿಲ್ಲ! ಕಮಾನು ಪಟ್ಟಿಗೆ ತುಕ್ಕು ಹಿಡಿಯುತ್ತದೆ ಎಂಬ ಆಕ್ಷೇಪ ಒಪ್ಪತಕ್ಕದ್ದು. ಕಬ್ಬಿನ ಹಾಲು ಅಂಟಿದ ಅಲಗು ಬೇಗ ಕಪ್ಪಾಗುತ್ತದೆ. ಒರೆಸಿ ಎಣ್ಣೆ ಸವರಿದರೆ ಸಾಕು. ಜೇಬಿಗೆ 440ಸಿ ಇರಲಿ. ಮಂಡ್ಯ, ಮಳವಳ್ಳಿಯ ಗದ್ದೆ ತೋಟಗಳಿಗೆ ಕಮಾನು ಪಟ್ಟಿಯೇ ಸರಿ.