ಹೊಟ್ಟೆ ತುಂಬಿದರೂ ಸೊರಗುವ ಕುರಿ

ಹಾಲು ಹಾಕದ ಕಡು ಚಹಾ ಕುಡಿದರೆ ನಾಲಿಗೆ ಒಗರಾಗುತ್ತದೆ. ಹಾಲು ಬೆರೆಸಿದೊಡನೆ ಒಗರು ತಗ್ಗುತ್ತದೆ. ಏಕೆ? ಚಹಾದಲ್ಲಿರುವ ಟ್ಯಾನಿನ್ ಜಾತಿಯ ವಸ್ತುಗಳು ನಾಲಿಗೆಯನ್ನು ಬಿಟ್ಟು ಹಾಲಿನ ಸಸಾರಜನಕಕ್ಕೆ, ಅಂದರೆ ಪ್ರೋಟೀನಿಗೆ, ಅಂಟಿಕೊಳ್ಳುತ್ತವೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಕುರಿ, ಆಡುಗಳ ಹೊಟ್ಟೆಯಲ್ಲೂ ಇದೇ ಕ್ರಿಯೆ ನಡೆಯುತ್ತದೆ. ಬೇಸಿಗೆಯಲ್ಲಿ ಹಸಿರು ಮುಗಿದಾಗ ಅವಕ್ಕೆ ಹೊಲದ ಬದುವಿನ ಕರಿಜಾಲಿಯ ಸೊಪ್ಪು, ಕಾಯಿಗಳೇ ಆಸರೆ. ಅವುಗಳಲ್ಲಿ ಪ್ರೋಟೀನ್ ಸಾಕಷ್ಟಿದೆ, ಟ್ಯಾನಿನ್ನೂ ಹೇರಳ. ಜಾಲಿ ಚಕ್ಕೆಯಿಂದ ಚರ್ಮ ಹದ ಮಾಡುತ್ತಿದ್ದುದು ಈ ಟ್ಯಾನಿನ್ನಿನ ಬಲದಿಂದಲೇ.

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ಅತಿ ದೊಡ್ಡದು. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಜೀರ್ಣಿಸುತ್ತವೆ. ಟ್ಯಾನಿನ್ ಹೆಚ್ಚಾದರೆ ಪ್ರೋಟೀನ್ ಅವಕ್ಕೆ ದಕ್ಕುವುದಿಲ್ಲ, ಅವುಗಳ ಕೆಲಸವೂ ಕುಂಟುತ್ತದೆ. ಕುರಿ ಮೇವು ಕಡಿಮೆ ತಿನ್ನುತ್ತದೆ, ಮೈ ಹಿಡಿಯುವುದಿಲ್ಲ, ಮರಿಗೆ ಹಾಲು ಸಾಲುವುದಿಲ್ಲ. ಬೇಸಿಗೆಯಲ್ಲಿ ಸೊರಗಿದ ಕುರಿಗೆ ಸಂತೆಯಲ್ಲಿ ಬೆಲೆ ಎಲ್ಲಿ?

ಹಾಗೆಂದು ಟ್ಯಾನಿನ್ ಬರೀ ವಿಷವಲ್ಲ. ಒಣ ಮೇವಿನ ತೂಕದಲ್ಲಿ ಅದು ಶೇ. 2ರಿಂದ 4ರಷ್ಟಿದ್ದರೆ ಲಾಭವೂ ಉಂಟು. ರೂಮೆನ್‌ನಲ್ಲಿ ಹಿಡಿದ ಪ್ರೋಟೀನನ್ನು ಅದು ನಾಲ್ಕನೆಯ ಕೋಣೆಯ ಹುಳಿಯಲ್ಲಿ ಬಿಟ್ಟುಕೊಡುತ್ತದೆ. ಅದು ನೇರವಾಗಿ ಕುರಿಗೆ ಸಿಗುತ್ತದೆ. ಹೊಟ್ಟೆಯುಬ್ಬರವೂ ತಗ್ಗುತ್ತದೆ. ಶೇ. 5 ದಾಟಿದರೆ ಸಾಮಾನ್ಯವಾಗಿ ನಷ್ಟ ತೋರತೊಡಗುತ್ತದೆ. ಟ್ಯಾನಿನ್ನಿನ ಬಗೆ, ಪ್ರಾಣಿಯ ಜಾತಿಗಳಿಗೆ ತಕ್ಕಂತೆ ಈ ಮಿತಿ ಬದಲಾಗುತ್ತದೆ.

ಎಲ್ಲಕ್ಕಿಂತ ಸುಲಭದ ಉಪಾಯ ಬೆರಕೆ ಮೇವು. ಈ ಸೀಮೆಯಲ್ಲಿ ಯಥೇಚ್ಛವಾಗಿರುವ ಗೋವಿನಜೋಳದ ಸೊಪ್ಪೆಯ ಜೊತೆ ಜಾಲಿಯನ್ನು ಮಿತವಾಗಿ ಕೊಟ್ಟರೆ ಟ್ಯಾನಿನ್ನಿನ ಪಾಲು ಇಳಿಯುತ್ತದೆ. ಸೊಪ್ಪೆಯಲ್ಲಿ ಪ್ರೋಟೀನ್ ಕಡಿಮೆಯಾದ್ದರಿಂದ ಒಂದಿಷ್ಟು ಶೇಂಗಾ ಹಿಂಡಿಯೂ ಬೇಕು. ಸೊಪ್ಪನ್ನು ಒಣಗಿಸಿದರೆ ಒಗರು ಸ್ವಲ್ಪ ತಗ್ಗುತ್ತದೆ. ಕಾಯಿಯನ್ನು ಕುಟ್ಟಿ ಕೊಡುವುದು ಒಳ್ಳೆಯದು; ಇಲ್ಲದಿದ್ದರೆ ಗಟ್ಟಿ ಬೀಜ ಹಾಗೆಯೇ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಕಟ್ಟಿಗೆಯ ಬೂದಿ ಕಲಸಿದ ನೀರಿನ ಕ್ಷಾರವೂ ಟ್ಯಾನಿನ್ನನ್ನು ಕುಗ್ಗಿಸುತ್ತದೆ. ಆದರೆ ನೆನೆಸಿ ತೊಳೆದಾಗ ಮೇವಿನ ಸತ್ವವೂ ಸ್ವಲ್ಪ ಹರಿದುಹೋಗುತ್ತದೆ.

ವಿಜ್ಞಾನಿಗಳು ಬಳಸುವ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ವಸ್ತು ಚಹಾದೊಳಗಿನ ಹಾಲಿನಂತೆ ಟ್ಯಾನಿನ್ನನ್ನು ತಾನೇ ಹಿಡಿದುಕೊಂಡು ಪ್ರೋಟೀನನ್ನು ಬಿಡಿಸುತ್ತದೆ. ಅದು ದುಬಾರಿ. ಬಡ ಕುರಿಗಾರನಿಗೆ ಬೆರಕೆ ಮೇವೇ ಒಳಿತು. ಕುರಿ ಮೇವನ್ನೇ ಬಿಟ್ಟರೆ ಮಾತ್ರ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು: ಆರಿದ ಕಡು ಚಹಾ ಎರಡು ಲೋಟ, ಒಂದಕ್ಕೆ ಮಾತ್ರ ಹಾಲು. ರೂಮೆನ್‌ನ ಪಾಠ ನಾಲಿಗೆಗೇ ತಿಳಿಯುತ್ತದೆ.