ಅಂಪೈರ್‌ಗಳು ಯಾವ ಭಾಷೆಯಲ್ಲಿ ಮಾತಾಡಬೇಕು?

ಕಳೆದ ತಿಂಗಳು ಹುಮನಾಬಾದಿನಲ್ಲಿ ನಡೆದ ಟೆನ್ನಿಸ್ ಬಾಲ್ ಪಂದ್ಯವನ್ನು ನಮ್ಮ ಬಸವಕಲ್ಯಾಣದ ಹುಡುಗರು ಒಂದು ರನ್ನಿನಿಂದ ಗೆದ್ದರು. ಆ ಗೆಲುವನ್ನು ಕೆಡಿಸಿದವನು ನಾನು. ನಾನು ಆಡಿರಲಿಲ್ಲ, ಅಂಪೈರ್ ಆಗಿದ್ದೆ.

ನಮ್ಮಲ್ಲಿ ಅಂಪೈರ್ ಆಗುವುದು ಹೇಗೆಂದು ಎಲ್ಲರಿಗೂ ಗೊತ್ತು. ಹನ್ನೊಂದರಲ್ಲಿ ಜಾಗ ಸಿಗದವನು, ಕಾಲು ಉಳುಕಿದವನು, ಇಲ್ಲವೇ ಬ್ಯಾಟಿಂಗ್ ಸರದಿಗೆ ಕಾಯುತ್ತ ಕುಳಿತವನು ಹೋಗಿ ನಿಲ್ಲುತ್ತಾನೆ. ಅವತ್ತು ಎರಡೂ ತುದಿಗೆ ನಮ್ಮ ಕಾಲೇಜಿನವರೇ ನಿಂತೆವು. ನಾನು ಬೌಲರ್ ಕಡೆ, ನನ್ನ ಕ್ಲಾಸಿನ ಗೆಳೆಯ ಸ್ಕ್ವೇರ್ ಲೆಗ್‌ನಲ್ಲಿ. ಇಬ್ಬರ ಮನೆಯಲ್ಲೂ ಉರ್ದು.

ಎಂಟು ಓವರಿನ ಪಂದ್ಯ. ಹುಮನಾಬಾದಿನವರಿಗೆ ಕೊನೆಯ ಎರಡು ಬಾಲಿಗೆ ಮೂರು ರನ್ ಬೇಕಿತ್ತು. ಬಾಲು ಲಾಂಗ್ ಆನ್ ಕಡೆ ಹೋಯಿತು. ಒಂದು ರನ್ ಓಡಿ ಎರಡನೆಯದಕ್ಕೆ ತಿರುಗಿದರು. ಎಸೆತ ನನ್ನ ತುದಿಗೆ ಬಂತು, ಸ್ಟಂಪ್ ಬಿತ್ತು, ಎಲ್ಲರೂ ಕೂಗಿದರು. ಆಗ ನಾನೆಲ್ಲಿದ್ದೆ? ಬೌಲಿಂಗ್ ಆದಾಗ ನಿಂತಿದ್ದ ಜಾಗದಲ್ಲೇ, ಸ್ಟಂಪಿನ ನೇರ ಹಿಂದೆ! ಬಾಲು ಹೋದ ಕಡೆ ಪ್ರೇಕ್ಷಕನ ಹಾಗೆ ನೋಡುತ್ತಿದ್ದೆ. ಅಲ್ಲಿಂದ ಬ್ಯಾಟು ನಮ್ಮ ಕಡೆಗೇ ಬರುವುದು ಕಾಣುತ್ತದೆ, ಗೆರೆ ದಾಟಿತೋ ಇಲ್ಲವೋ ಕಾಣುವುದಿಲ್ಲ. ಬಾಲು ಹೊಡೆದ ಕೂಡಲೇ ಪಕ್ಕಕ್ಕೆ ಓಡಿ, ಎಸೆತಕ್ಕೆ ಅಡ್ಡ ಬರದೆ, ಕ್ರೀಸಿನ ಗೆರೆಗೆ ಸಮನಾಗಿ ನಿಲ್ಲಬೇಕಿತ್ತು. ನಾಲ್ಕು ಹೆಜ್ಜೆಯ ಕೆಲಸ.

ಸರಿ, ಕಾಣಲಿಲ್ಲ. ಇನ್ನೊಬ್ಬ ಅಂಪೈರಿಗೆ ಚೆನ್ನಾಗಿ ಕಂಡಿದ್ದರೆ ಕೇಳಬಹುದು. ಅಪೀಲಿಗೆ ಸಂಬಂಧಿಸಿದ 31ನೇ ನಿಯಮವೇ ಅದಕ್ಕೆ ಅವಕಾಶ ಕೊಡುತ್ತದೆ. ನಾನು ನಡೆದು ಹೋಗಿ ಗೆಳೆಯನನ್ನು ಉರ್ದುವಿನಲ್ಲಿ ಕೇಳಿದೆ. ಅವನೂ ಉರ್ದುವಿನಲ್ಲೇ, ಬ್ಯಾಟು ಗಾಳಿಯಲ್ಲಿತ್ತು ಅಂದ. ತಿರುಗಿ ಬೆರಳು ಎತ್ತಿದೆ.

ಔಟಾದವನು ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ನಮ್ಮ ಕಾಲೇಜಿಗೆ ಬರುವ ಹುಡುಗ. ಅಕೌಂಟೆನ್ಸಿ ಕ್ಲಾಸಿನಲ್ಲಿ ನನ್ನ ಬೆಂಚು. ನನ್ನ ಕನ್ನಡ ನೋಟ್ಸು ತಿದ್ದಿಕೊಡುವವನೂ ಅವನೇ. ಬ್ಯಾಟು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: 'ನೀವಿಬ್ಬರೂ ಏನು ಮಾತಾಡಿಕೊಂಡಿರಿ?' ಔಟೋ ಅಲ್ಲವೋ ಎಂದು ಅವನು ಕೇಳಲಿಲ್ಲ. ಕೊನೆಯ ಬಾಲಿನಲ್ಲಿ ರನ್ ಬರಲಿಲ್ಲ. ಯಾರೂ ಕೈ ಕುಲುಕಲಿಲ್ಲ. ಸಸ್ತಾಪುರ ಬಂಗ್ಲಾ ಬರುವವರೆಗೂ ನಮ್ಮ ಗಾಡಿಯಲ್ಲಿ ನಗು, ಹಾಡು. ನಾನು ಕಿಟಕಿ ನೋಡುತ್ತಾ ಕುಳಿತಿದ್ದೆ.

ನಾವು ಮೋಸ ಮಾಡಿರಲಿಲ್ಲ. ಆದರೆ ಅವನ ಜಾಗದಲ್ಲಿ ನಿಂತು ನೋಡಿ. ಎದುರು ತಂಡದ ಕಾಲೇಜಿನ ಇಬ್ಬರು, ತನಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿ ಬಂದು ತನ್ನನ್ನು ಔಟ್ ಅನ್ನುತ್ತಾರೆ. ನಾವು ನಾಲ್ವರು ಕನ್ನಡದವರ ನಡುವೆ ಉರ್ದು ಮಾತಾಡಿದರೆ ಅವರಿಗೆ ಹೇಗಾಗುತ್ತದೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಅವರು ಬಿರುಸಾಗಿ ಕನ್ನಡ ಮಾತಾಡಿ ನಕ್ಕಾಗ ನನಗೆ ಹೇಗಾಗುತ್ತದೆಂದು ಮಾತ್ರ ಗೊತ್ತಿತ್ತು.

ಆಮೇಲೆ ನಿಯಮ ಓದಿದೆ, ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. 2017ರಲ್ಲಿ ಬದಲಾದ ನಿಯಮದ ಪ್ರಕಾರ ಓಡುತ್ತಿರುವವನ ಬ್ಯಾಟು ಒಮ್ಮೆ ಗೆರೆಯಾಚೆ ನೆಲ ಮುಟ್ಟಿದರೆ, ನಂತರ ಎಗರಿ ಗಾಳಿಯಲ್ಲಿದ್ದರೂ ಔಟ್ ಅಲ್ಲ. ಅಂದರೆ ನಾನು ಕೇಳಬೇಕಿದ್ದ ಪ್ರಶ್ನೆ, 'ಮೊದಲು ನೆಲ ಮುಟ್ಟಿತ್ತಾ?' ಅದನ್ನು ಎಲ್ಲರಿಗೂ ಕೇಳಿಸುವಂತೆ ಕನ್ನಡದಲ್ಲಿ ಕೇಳಿದ್ದರೆ ಗೆಳೆಯನೂ ಒಂದು ಕ್ಷಣ ಯೋಚಿಸುತ್ತಿದ್ದ. ಈಗ ಕೇಳಿದರೆ ಅವನಿಗೂ ಖಾತ್ರಿಯಿಲ್ಲ.

ದೊಡ್ಡ ಪಂದ್ಯಗಳಲ್ಲಿ ನಾವು ಬೆರಳು ಎತ್ತಿದವನನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಅವರ ತುದಿಯಲ್ಲಿ ನಿಂತಿದ್ದವರು ನಮ್ಮ ಕರ್ನಾಟಕದ ಎ.ವಿ. ಜಯಪ್ರಕಾಶ್. ಜೊತೆಗಾರ ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್. ಸ್ಕ್ವೇರ್ ಲೆಗ್‌ನಲ್ಲಿ ನಿಂತವನದು ಬಿಡುವಿನ ಕೆಲಸ ಅಂದುಕೊಳ್ಳಬೇಡಿ. ಸ್ಟಂಪಿಂಗ್, ಹಿಟ್ ವಿಕೆಟ್, ಆ ತುದಿಯ ರನ್ ಔಟ್ ಅವನದು. ಬಾಲು ಲೆಕ್ಕ ಇಬ್ಬರದು. ಬೇಸ್‌ಬಾಲಿನಲ್ಲಿ ಇಬ್ಬರೇ ಅಂಪೈರ್ ಇದ್ದಾಗ ಬಾಲನ್ನು ಯಾರು ನೋಡುತ್ತಾರೆ, ಓಟಗಾರನನ್ನು ಯಾರು ನೋಡುತ್ತಾರೆ ಎಂದು ಕೂಗಿ ಹೇಳಿಕೊಂಡೇ ಓಡುತ್ತಾರಂತೆ. ಕೂಗುವುದರಲ್ಲಿ ಗುಟ್ಟಿಲ್ಲ, ಅದೇ ನನಗೆ ಇಷ್ಟವಾಯಿತು.

ನಮ್ಮ ಕ್ರೀಡಾ ವಿಭಾಗಕ್ಕೆ ನನ್ನ ಮನವಿ ಇಷ್ಟೇ. ತಂಡ ಆರಿಸುವ ದಿನವೇ ಅಂಪೈರ್‌ಗಳನ್ನೂ ಆರಿಸಿ, ಒಂದು ಸಂಜೆ ಮೈದಾನದಲ್ಲಿ ನಿಲ್ಲುವ ಜಾಗ ಕಲಿಸಿ. ಹೊರಗಿನ ತಂಡ ಬಂದರೆ ಒಬ್ಬ ಅವರವನು, ಒಬ್ಬ ನಮ್ಮವನು ಇರಲಿ. ಇಬ್ಬರೂ ಸನ್ನೆಯಲ್ಲೇ ಹೆಚ್ಚು ಮಾತಾಡಲಿ: ಎರಡು ಬಾಲು ಉಳಿದಾಗ ಎರಡು ಬೆರಳು, ಕಾಣದಿದ್ದರೆ ನೇರ ನೋಟ. ಬಾಯಿ ಬಿಟ್ಟರೆ ಎರಡೂ ಕ್ಯಾಪ್ಟನ್‌ಗಳಿಗೆ ತಿಳಿಯುವ ಭಾಷೆ. ಹುಮನಾಬಾದಿನಲ್ಲಿ ಅದು ಕನ್ನಡ. ಇನ್ನೆಲ್ಲೋ ಕನ್ನಡ ಬಾರದ ತಂಡ ಸಿಕ್ಕರೆ ಉರ್ದುವೋ ಹಿಂದಿಯೋ ಆಗಬಹುದು. ಕನ್ನಡ ಬಾರದೆಂದು ನಾಚುವವರಿಗೆ ಹೇಳುತ್ತೇನೆ, ನನ್ನದೂ ತಪ್ಪು ಕನ್ನಡವೇ. 'ನನಗೆ ಕಾಣಲಿಲ್ಲ' ಎನ್ನಲು ವ್ಯಾಕರಣ ಬೇಕಿಲ್ಲ.

ಮುಂದಿನ ಪಂದ್ಯ ಬಸವಕಲ್ಯಾಣದಲ್ಲಿ. ಅಂಪೈರ್ ಆಗಲು ನಾನು ಹೆಸರು ಕೊಟ್ಟಿದ್ದೇನೆ. ಇನ್ನೊಂದು ತುದಿಗೆ ನನ್ನ ಬೆಂಚಿನವನನ್ನೇ ಕೇಳಿದೆ. ನೋಡೋಣ ಅಂದಿದ್ದಾನೆ. ನೋಟ್ಸು ಮಾತ್ರ ಈ ವಾರವೂ ತಿದ್ದಿ ಕೊಟ್ಟ, ಎಂದಿಗಿಂತ ಜಾಸ್ತಿ ಕೆಂಪು ಇಂಕು ಹಾಕಿ.